ಬೆಳಕವಾಡಿ ಎಂಬ ಸೀಸೆ

"ಬಿಲ್ಲೆ ನಂದೇ ಸಾಬ್. ಆದ್ರೆ ನಾನು ಮಾಡ್ದಾಗ ಇದು ದುಂಡಗಿರ್ಲಿಲ್ಲ."

ಮದ್ದೂರಿನ ಪೇಟೆಬೀದಿಯಲ್ಲಿ ಲಾಟೀನು, ಸ್ಟವ್ವು ರಿಪೇರಿ ಮಾಡುವ ಪೀರ್ ಪಾಷಾ ಕೈಯಲ್ಲಿದ್ದ ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ. ಪೊಲೀಸರ ವಶದಲ್ಲಿದ್ದ ಒಂದು ಹಿತ್ತಾಳೆ ಬಿಲ್ಲೆಯ ಮೇಲೆ ಕಾಗದವಿಟ್ಟು, ಸೀಸದಕಡ್ಡಿಯಿಂದ ಉಜ್ಜಿ ತೆಗೆದ ಅಚ್ಚು ಅದು. ನಡುವೆ 'ಬೆಳಕವಾಡಿ' ಎಂಬ ಅಕ್ಷರಗಳು ಬೆಳ್ಳಗೆ ಎದ್ದಿದ್ದವು.

ಹನ್ನೊಂದು ದಿನದ ಹಿಂದೆ ಮಳವಳ್ಳಿಯ ಧರ್ಮಾಸ್ಪತ್ರೆಯಲ್ಲಿ ಜ್ವರದ ಔಷಧಿಯೆಂದು ಕುಡಿದು ಶಾಲೆಯ ಉಪಾಧ್ಯಾಯಿನಿ ಜಯಲಕ್ಷ್ಮಮ್ಮ ಸತ್ತಿದ್ದಳು. ಆ ಸೀಸೆಯ ಕೊರಳಿನಲ್ಲಿದ್ದದ್ದು ಇದೇ ಬಿಲ್ಲೆ. ಔಷಧಿ ಕೊಟ್ಟ ಕಾಂಪೌಂಡರ್ ಅಸದುಲ್ಲಾ ಕೊಲೆಯ ಆಪಾದನೆ ಹೊತ್ತು ಮಂಡ್ಯದ ಲಾಕಪ್ಪಿನಲ್ಲಿದ್ದ. ಇವತ್ತು ಶನಿವಾರ, ಸೋಮವಾರ ಅವನನ್ನು ಕೋರ್ಟಿನ ಮುಂದೆ ನಿಲ್ಲಿಸುವವರಿದ್ದರು.

ಅಚ್ಚನ್ನು ತಂದಿದ್ದ ಪುಟ್ಟಮಾದಯ್ಯನ ಎದೆ ಒಂದು ಕ್ಷಣ ಹಗುರಾಯಿತು. ಸಬ್ ಇನ್ಸ್‌ಪೆಕ್ಟರಾಗಿ ಪೆನ್ಷನ್ ತೆಗೆದುಕೊಂಡು ಗುತ್ತಲಿನ ಮನೆಯಲ್ಲಿ ತಣ್ಣಗೆ ಕೂತಿದ್ದವನನ್ನು ಈ ಕೇಸಿಗೆ ಎಳೆದು ತಂದವಳು ಅಸದುಲ್ಲಾನ ಹೆಂಡತಿ ನೂರುನ್ನೀಸಾ. ಪೀರ್ ಪಾಷಾ ಅವಳ ದೊಡ್ಡಪ್ಪ. ಅವಳು ಅಂಗಡಿಯ ಬಾಗಿಲಲ್ಲಿ, ಬೀದಿಗೆ ಬೆನ್ನು ಮಾಡಿ ನಿಂತಿದ್ದಳು.

"ದುಂಡಗಿರಲಿಲ್ಲ ಅಂದ್ರೆ?"

"ಮೂರು ಮೂಲೆದು ಸಾಬ್, ಇದು. ಆಸ್ಪತ್ರೆಗೆ ಎರಡು ಥರ ಬಿಲ್ಲೆ ಮಾಡ್ಕೊಟ್ಟಿದ್ದೆ. ಕುಡಿಯೋ ಔಷ್ದಿಗೆ ದುಂಡು, ಮೈಗೆ ಹಚ್ಚೋದಕ್ಕೆ ಮೂರು ಮೂಲೆ. ದುಂಡುಗೆಲ್ಲಾ ಒಂದೇ ಅಳತೆ, ರೂಪಾಯಗಲ. ಇದು ನೋಡಿ, ಎಂಟಾಣೆಯಷ್ಟೂ ಇಲ್ಲ. ದಾರ ಪೋಣಿಸೋ ತೂತು ಅಂಚಿಗೆ ಬಂದೈತೆ. ಮೂಲೆ ಕತ್ತರಿಸಿ ಅರ ಹಾಕಿದ್ರೆ ಹಿಂಗೇ ಆಗೋದು."

"ಹಾಗಾದ್ರೆ ಯಾರೋ ಕತ್ತರಿಸಿದ್ದಾರೆ."

"ಯಾರೋ ಅಲ್ಲ ಸಾಬ್." ಪೀರ್ ಪಾಷಾ ಕಾಗದವನ್ನು ಅಡಿಗಲ್ಲಿನ ಮೇಲಿಟ್ಟ. "ನಾನೇ."

"ತಂದುಕೊಟ್ಟದ್ದು?"

ಮುದುಕ ಬಾಗಿಲ ಕಡೆ ನೋಡಿದ. ನೂರುನ್ನೀಸಾ ತಿರುಗಲಿಲ್ಲ. ಆದರೆ ಅವಳ ಬೆನ್ನು ಗಟ್ಟಿಯಾದದ್ದು ಪುಟ್ಟಮಾದಯ್ಯನಿಗೆ ಕಂಡಿತು.

"ಅಸದುಲ್ಲಾನೇ. ಆಯಮ್ಮ ಸತ್ತ ಹಿಂದಿನ ದಿನ, ಸೋಮವಾರ ಸಂಜೆ ಬಸ್ಸಿಗೆ ಬಂದ. ಇಲ್ಲೇ ಮಲ್ಗಿದ್ದು, ಬೆಳಿಗ್ಗೆ ಮೊದಲ ಬಸ್ಸಿಗೆ ತಗೊಂಡು ಹೋದ. ಪೊಲೀಸ್ರು ನನ್ನ ಕೇಳ್ಲಿಲ್ಲ. ನಾನಾಗೇ ಹೇಳಿದ್ರೆ ಹುಡುಗನ ಕೊರಳಿಗೇ ಬರ್ತೈತೆ ಅಂತ ಸುಮ್ನಿದ್ದೆ."

ಪುಟ್ಟಮಾದಯ್ಯ ಲಾಕಪ್ಪಿನಲ್ಲಿ ಮೂರು ಸಲ ಅಸದುಲ್ಲಾನನ್ನು ನೋಡಿದ್ದ. ಮೂರು ಸಲವೂ ಅವನು ಹೇಳಿದ್ದು ಒಂದೇ ಮಾತು: ಸೀಸೆ ತುಂಬಿದ್ದೂ ನಾನೇ, ಕುಡಿಸಿದ್ದೂ ನಾನೇ, ವಿಷ ಹೇಗೆ ಬಂತೋ ದೇವರಿಗೇ ಗೊತ್ತು. ಬಿಲ್ಲೆಯ ಸುದ್ದಿಯನ್ನೇ ಎತ್ತಿರಲಿಲ್ಲ.

"ಕತ್ತರಿಸಿದ ಚೂರು ಇದೆಯಾ?"

ಪೀರ್ ಪಾಷಾ ಒಂದು ಬಿಸ್ಕತ್ತಿನ ಡಬ್ಬ ತೆಗೆದು ಗೋಣಿಯ ಮೇಲೆ ಸುರಿದ. ಯುದ್ಧ ಶುರುವಾದ ಮೇಲೆ ಹಿತ್ತಾಳೆಯ ಚೂರನ್ನೂ ಯಾರೂ ಎಸೆಯುತ್ತಿರಲಿಲ್ಲ. ತಂತಿ, ಮೊಳೆಗಳ ನಡುವಿನಿಂದ ಪುಟ್ಟಮಾದಯ್ಯ ಮೂಲೆಯ ಚೂರುಗಳನ್ನು ಬೆರಳಿನಿಂದ ಬೇರೆ ಮಾಡಿದ. ಮೂರು ಸಿಗುತ್ತವೆ ಎಂದುಕೊಂಡಿದ್ದ. ಹದಿನೈದು ಸಿಕ್ಕವು.

"ಪೀರ್ ಪಾಷಾ, ಅವನು ತಂದದ್ದು ಒಂದೇ ಬಿಲ್ಲೆ ಅಲ್ಲ."

"ಅಲ್ಲ ಸಾಬ್. ಐದು."

"ಉಳಿದ ನಾಲ್ಕು?"

"ಅದು ನನಗೇನು ಗೊತ್ತು? ಐದೂ ಜೇಬಿಗೆ ಹಾಕ್ಕೊಂಡು ಹೋದ."

ಪುಟ್ಟಮಾದಯ್ಯ ಎದ್ದ. ಬಾಗಿಲಲ್ಲಿ ನೂರುನ್ನೀಸಾ ಮೊದಲ ಸಲ ಬಾಯಿ ತೆರೆದಳು.

"ನೀವಿನ್ನೂ ಮಳವಳ್ಳಿಗೆ ಹೋಗ್ತೀರಾ ಸ್ವಾಮಿ? ಇದು ಕೇಳಿದ ಮೇಲೂ?"

"ನಾಲ್ಕು ಬಿಲ್ಲೆ ಎಲ್ಲಿವೆ ನೋಡಬೇಕಮ್ಮ," ಎಂದು ಛತ್ರಿ ತೆಗೆದುಕೊಂಡು ಹೊರಟ.

* * *

ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಏರಿನಲ್ಲೆಲ್ಲ ನಿಂತು ನಿಂತು ಮಳವಳ್ಳಿ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಧರ್ಮಾಸ್ಪತ್ರೆಯ ಔಷಧಿಕೋಣೆಗೆ ಪೊಲೀಸರು ಹಾಕಿದ್ದ ಮೊಹರು ನಿನ್ನೆ ತೆಗೆದಿದ್ದರು. ಮೇನೇಜರ್ ಅಪ್ಪಾಜಿ ಬಾಗಿಲು ತೆರೆದುಕೊಟ್ಟು, ಇಸ್ತ್ರಿ ಮಾಡಿದ ಕೋಟಿನ ಗುಂಡಿಗಳನ್ನು ಮುಟ್ಟಿಕೊಳ್ಳುತ್ತ ಪಕ್ಕದಲ್ಲೇ ನಿಂತ.

"ಇನ್ನೂ ಏನು ಉಳಿದಿದೆ ಇನ್ಸ್‌ಪೆಕ್ಟರೇ? ಸತ್ತವಳು ಅವನ ಮೇಲೆ ಅರ್ಜಿ ಬರೆದಿದ್ದಳು, ಔಷಧಿಗೆ ನೀರು ಬೆರೆಸುತ್ತಾನೆ ಅಂತ. ವಾರದೊಳಗೆ ಅವನ ಕೈಯಿಂದಲೇ ಸತ್ತಳು. ಊರಿನ ಮಕ್ಕಳಿಗೂ ಅರ್ಥವಾಗಿದೆ."

"ಸೀಸೆ ಪುಸ್ತಕ ಕೊಡಿ."

ಆ ಪುಸ್ತಕವನ್ನು ಶುರುಮಾಡಿದವರು ಹಳೆಯ ಡಾಕ್ಟರು. ಯುದ್ಧದಿಂದಾಗಿ ಸೀಸೆಗಳು ಸಿಗದೆ, ಇದ್ದವನ್ನೇ ತೊಳೆದು ತೊಳೆದು ತುಂಬುವಾಗ ಮೇಲಿನ ಚೀಟಿಗಳು ಕಿತ್ತುಹೋಗುತ್ತಿದ್ದವು. ಇವತ್ತು ಕೆಮ್ಮಿನ ಔಷಧಿ ಇದ್ದ ಸೀಸೆಯಲ್ಲಿ ನಾಳೆ ಜ್ವರದ್ದು. ಹಾಗಾಗಿ ಅವರು ಔಷಧಿಗೆ ಚೀಟಿ ಅಂಟಿಸುವುದನ್ನು ಬಿಟ್ಟು ಸೀಸೆಗೇ ಹೆಸರಿಟ್ಟರು, ಸುತ್ತಲಿನ ಊರುಗಳ ಹೆಸರು. ಕಳೆದ ವರ್ಷ ಸೈನ್ಯದ ಆಸ್ಪತ್ರೆಗೆಂದು ಬರ್ಮಾ ಕಡೆ ಹೋದವರಿಂದ ನಾಲ್ಕು ತಿಂಗಳಾಯಿತು ಕಾಗದವಿಲ್ಲ.

ಮೊದಲ ಪುಟದಲ್ಲಿ ಅವರ ದುಂಡು ಅಕ್ಷರ.

'ಪುಸ್ತಕದಲ್ಲಿ ಬರೆಯದ ಸೀಸೆ ಕಪಾಟು ಹತ್ತಕೂಡದು. ಬರೆಯುವಾಗ ಮೊದಲು ಬಗೆ (ಕುಡಿಯಲೋ, ಹಚ್ಚಲೋ), ಆಮೇಲೆ ಹೆಸರು, ಆಮೇಲೆ ಒಳಗಿನ ಔಷಧಿ. ಹೆಸರು ಅಂಕಿಯಿಂದ ಶುರುವಾಗಕೂಡದು. ಅಂಕಿ ಕಂಡವರು ಅದನ್ನು ಅಳತೆಯೆಂದು ತಿಳಿದು ಅಷ್ಟು ಚಮಚ ಕುಡಿಸಿಯಾರು. ಒಂದು ಹೆಸರು ಎರಡು ಸೀಸೆಗೆ ಬೇಡ. ಔಷಧಿ ಮುಗಿದರೆ ಅದೇ ಬಗೆಯ ಇನ್ನೊಂದನ್ನು ತುಂಬಬಹುದು. ಬಗೆ ಮಾತ್ರ ಸೀಸೆ ಒಡೆದುಹೋಗುವವರೆಗೆ ಬದಲಾಗದು. ಬೇರೆ ಬಗೆ ಬೇಕಾದರೆ ಹೊಸ ಸೀಸೆ, ಹೊಸ ಹೆಸರು. ಈ ಕೊನೆಯ ಮಾತನ್ನು ನಾನು ಇಲ್ಲದಾಗಲೂ ನಡೆಸತಕ್ಕದ್ದು.'

ಪುಟ್ಟಮಾದಯ್ಯ ಹಾಳೆ ತಿರುವಿದ. ನಾಲ್ಕನೆಯ ಪುಟದಲ್ಲಿ ಐದು ಸಾಲುಗಳನ್ನು ತಿದ್ದಿತ್ತು. ಬೆಳಕವಾಡಿ, ಹಲಗೂರು, ಕಿರುಗಾವಲು, ಗುತ್ತಲು, ತಳಗವಾದಿ. ಐದರ ಮುಂದೂ ಡಾಕ್ಟರು ಬರೆದಿದ್ದ 'ಮೂಲೆ, ಹಚ್ಚಲು' ಎಂಬುದಕ್ಕೆ ಗೆರೆ ಎಳೆದು, 'ದುಂಡು, ಕುಡಿಯಲು' ಎಂದು ತಿದ್ದಿತ್ತು. ಒಳಗಿನ ಔಷಧಿ: ಜ್ವರದ್ದು. ಅಸದುಲ್ಲಾನ ಮುತ್ತಿನಂಥ ಅಕ್ಷರ. ತಾರೀಖು ಆ ಸೋಮವಾರದ್ದು. ಕೆಳಗೆ ಸಣ್ಣದಾಗಿ, 'ಅಪ್ಪಣೆ ಮೇರೆಗೆ.'

"ಯಾರ ಅಪ್ಪಣೆ ಅಪ್ಪಾಜಿಯವರೇ?"

ಅಪ್ಪಾಜಿ ಬಗ್ಗಿ ಓದಿದ. ಅವನಿಗೆ ಅದು ಹೊಸದಲ್ಲ ಎಂಬುದು ಮುಖದಲ್ಲೇ ಇತ್ತು.

"ಯಾರದು ಅಂತ ಎಲ್ಲಿ ಬರೆದಿದೆ? ಹೆಸರಿಲ್ಲ, ರುಜು ಇಲ್ಲ. ಅವನ ಅಕ್ಷರ, ಅವನ ತಿದ್ದುಪಡಿ. ಇದನ್ನು ಸೋಮವಾರ ನಾನೇ ಕೋರ್ಟಿಗೆ ಒಪ್ಪಿಸೋಣ ಅಂತಿದ್ದೆ."

ಒಪ್ಪಿಸಿದರೆ ಅಲ್ಲಿಗೆ ಮುಗಿಯಿತು. ಅಸದುಲ್ಲಾನನ್ನು ಉಳಿಸುವ ಕಾಗದ ಹುಡುಕಿಕೊಂಡು ಬಂದು ನೇಣಿನ ಕಾಗದ ಹುಡುಕಿದಂತಾಯಿತಲ್ಲ ಎಂದುಕೊಂಡ ಪುಟ್ಟಮಾದಯ್ಯ. ಆದರೂ ಒಂದು ಕಡೆ ಏನೋ ಚುಚ್ಚುತ್ತಿತ್ತು. ವಿಷ ಹಾಕಿ ಕೊಲ್ಲುವವನು ಐದು ಸಾಲು ತಿದ್ದಿ, ತಾರೀಖು ಹಾಕಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಾನೆಯೇ? ಅಲ್ಲದೆ ಸೋಮವಾರ ಸಂಜೆಯೇ ಅವನು ಮದ್ದೂರಿನಲ್ಲಿದ್ದ. ಮಂಗಳವಾರ ಬೆಳಿಗ್ಗೆ ಬಂದವನು ಬಿಲ್ಲೆ ಕಟ್ಟಿದ, ಔಷಧಿ ಕುಡಿಸಿದ. ನಡುವೆ ಸೀಸೆ ತುಂಬಿದ್ದು ಯಾವಾಗ?

"ಹೆಣ್ಣುಮಕ್ಕಳ ವಾರ್ಡಿನ ಆಯಾನ ಕರೀರಿ," ಎಂದ.

* * *

ಮಲ್ಲಿಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಐವತ್ತರ ಹತ್ತಿರದ ಹೆಂಗಸು. ಓದು ಬಾರದು. ಆಸ್ಪತ್ರೆಯ ಒಂದೊಂದು ಸೀಸೆಯನ್ನೂ ಬೆರಳಿನಲ್ಲೇ ಗುರುತು ಹಿಡಿಯುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದರು. ಪೊಲೀಸರು ಅವಳನ್ನು ಎರಡು ಮಾತು ಕೇಳಿ ಬಿಟ್ಟಿದ್ದರು.

"ಕೂತ್ಕೊಳವ್ವ."

"ನಿಂತ್ಕತೀನಿ ಬುದ್ದಿ."

"ಕಾಂಪೌಂಡರು ಮದ್ದೂರಿಗೆ ಹೋದ ಸೋಮವಾರ ಸಂಜೆ, ಸೀಸೆ ತುಂಬಿದ್ದು ಯಾರು?"

"ಅವ್ರೇ ಯೋಳವ್ರಂತಲ್ಲ, ತಾವೇ ತುಂಬ್ದೆ ಅಂತ."

"ಅವನು ಹೇಳಿದ್ದು ಬೇಡ. ನೀನು ಹೇಳು."

ಅವಳು ಅಪ್ಪಾಜಿಯ ಕಡೆ ಒಮ್ಮೆ, ಕಪಾಟಿನ ಕಡೆ ಒಮ್ಮೆ ನೋಡಿದಳು.

"ನಾನೇ ಬುದ್ದಿ. ಅವರು ಬಸ್ಸಿಗೆ ಒಂಟಿದ್ರು. 'ಮಲ್ಲಿಗವ್ವ, ಐದೂ ಬಾಟ್ಲಿ ತೊಳ್ದಿಟ್ಟಿವ್ನಿ, ತುಂಬಿ ಮಡುಗು, ಬೆಳಿಗ್ಗೆ ಬಂದು ಬಿಲ್ಲೆ ಕಟ್ತೀನಿ' ಅಂದ್ರು. ತುಂಬಿ ಮಡುಗ್ದೆ."

"ಬಿಲ್ಲೆ ಇರಲಿಲ್ಲ. ಯಾವುದು ಯಾವುದು ಅಂತ ಹೇಗೆ ತಿಳೀತು?"

"ಮೂರು ವರ್ಸ ತೊಳ್ದಿವ್ನಿ. ಗೊತ್ತಾಗಕಿಲ್ವಾ? ಬೆಳಕವಾಡಿ ಬಾಯ್ತಾವ ಒಸಿ ಚಕ್ಕೆ ಎದ್ದದೆ. ಕಿರುಗಾವಲು ತಳ ಸೊಟ್ಟ. ಅಲಗೂರು ಅಸ್ರು ಬಾಟ್ಲಿ."

"ಏನು ತುಂಬಿದೆ?"

"ಯಾವಾಗ್ಲೂ ತುಂಬೋದೇ. ಬೆಳಕವಾಡಿಗೂ ಕಿರುಗಾವಲ್ಗೂ ಕೀಲುನೋವಿಗೆ ಅಚ್ಚೋ ಮದ್ದು. ಮಿಕ್ಕಿದ ಮೂರಕ್ಕೂ ಗಾಯ ತೊಳ್ಯೋ ನೀರು."

ಕೀಲುನೋವಿನ ಮದ್ದು ಎಂದರೆ ವತ್ಸನಾಭಿಯ ಬೇರಿನದು. ಎರಡು ಚಮಚ ಹೊಟ್ಟೆಗೆ ಹೋದರೆ ಆಳು ಉಳಿಯುವುದಿಲ್ಲ. ಅದಕ್ಕೂ ಕರ್ಪೂರದ ವಾಸನೆ, ಜ್ವರದ ಔಷಧಿಗೂ ಕರ್ಪೂರದ ವಾಸನೆ.

"ಜ್ವರದ ಔಷಧಿಯ ಜಾಡಿ ಅಲ್ಲೇ ಇರಲಿಲ್ವೇನಮ್ಮ? ಅವನು ತುಂಬು ಅಂದದ್ದು ಅದನ್ನ."

"ಇತ್ತು ಬುದ್ದಿ. ಆದ್ರೆ ಅದು ಕುಡ್ಯೋದು." ಅವಳು ಅವನಿಗೇ ತಿಳಿಯದ್ದನ್ನು ತಿಳಿಸಿ ಹೇಳುವಂತೆ ಹೇಳಿದಳು. "ಮೂಲೆ ಬಾಟ್ಲಿಗೆ ಕುಡ್ಯೋದ ಆಕ್ತಾರಾ? ಡಾಕುಟ್ರು ಅಷ್ಟು ಸಲ ಯೋಳಿದ್ರಲ್ಲ, ಬೆಳಕವಾಡಿ ಅಂದ್ರೆ ಸಾಯೋಗಂಟ ಅಚ್ಚೋದೇ ಅಂತ."

ಪುಟ್ಟಮಾದಯ್ಯ ಕಣ್ಣು ಮುಚ್ಚಿಕೊಂಡ. ಎಲ್ಲ ಬಿಡಿಸಿಕೊಂಡು ಬಂತು. ಅಸದುಲ್ಲಾ ಪುಸ್ತಕದಲ್ಲಿ ಬಗೆ ಬದಲಿಸಿದ, ಬಿಲ್ಲೆಯಲ್ಲಿ ಬಗೆ ಬದಲಿಸಿದ, ಹೆಸರನ್ನು ಮಾತ್ರ ಹಾಗೇ ಬಿಟ್ಟ. ಓದು ಬಾರದ ಮಲ್ಲಿಗಮ್ಮನಿಗೆ ಪುಸ್ತಕ ಇರಲಿಲ್ಲ. ಆ ಸಂಜೆ ಬಿಲ್ಲೆಯೂ ಇರಲಿಲ್ಲ. ಅವಳ ಪಾಲಿಗೆ ಇದ್ದದ್ದು ಹೆಸರೊಂದೇ. ಅವನು ಬೆಳಿಗ್ಗೆ ಬಂದ, ತುಂಬಿದ ಸೀಸೆಗಳು ಸಾಲಾಗಿದ್ದವು, ಮುಚ್ಚಳ ತೆಗೆದರೆ ಕರ್ಪೂರದ ವಾಸನೆ ಬಂತು. ದುಂಡು ಬಿಲ್ಲೆ ಕಟ್ಟಿ, ನೇರ ವಾರ್ಡಿಗೆ ಹೋದ.

ಕೊಂದವರು ಯಾರೂ ಇರಲಿಲ್ಲ. ಸತ್ತವಳು ಮಾತ್ರ ಇದ್ದಳು.

ಲಾಕಪ್ಪಿನಲ್ಲಿ 'ತುಂಬಿದ್ದೂ ನಾನೇ' ಎಂದು ಅಸದುಲ್ಲಾ ಹಟ ಹಿಡಿದದ್ದೇಕೆ ಎಂಬುದೂ ಈಗ ಅರ್ಥವಾಯಿತು. ಅವನಿಗೆ ಎಲ್ಲ ಗೊತ್ತಾಗಿತ್ತು. ಈ ಹೆಂಗಸಿನ ಹೆಸರು ಹೊರಗೆ ಬರುವುದು ಅವನಿಗೆ ಬೇಕಿರಲಿಲ್ಲ.

"ಬುದ್ದಿ," ಮಲ್ಲಿಗಮ್ಮ ಮೆಲ್ಲಗೆ ಕೇಳಿದಳು. "ನೀವ್ಯಾಕೆ ಬೆಳಕವಾಡಿದೇ ಕೇಳ್ತಿದೀರಿ? ಪೋಲೀಸ್ರು ದುಂಡು ಬಿಲ್ಲೆ ಬಾಟ್ಲಿ ಅಂದ್ರು. ಬಟ್ಟೆ ಸುತ್ಕೊಂಡೋದ್ರು. ನಂಗೆ ತೋರಿಸ್ನಿಲ್ಲ."

ಸುಳ್ಳು ಹೇಳಬಹುದಿತ್ತು. ಮೂವತ್ತು ವರ್ಷದ ಪೊಲೀಸು ಬುದ್ಧಿ ನಾಲಗೆಯನ್ನು ಹಿಡಿಯಲಿಲ್ಲ.

"ದುಂಡು ಬಿಲ್ಲೆ ಕಟ್ಟಿದ್ದು ಬೆಳಕವಾಡಿಗೇ ಕಣಮ್ಮ. ಜಯಲಕ್ಷ್ಮಮ್ಮ ಕುಡಿದದ್ದು ಅದನ್ನೇ."

ಅವಳು ಅಳಲಿಲ್ಲ. ಬಲಗೈಯ ಹೆಬ್ಬೆರಳನ್ನು ಬೇರೆ ಬೆರಳುಗಳ ಮೇಲೆ ಒಂದೊಂದಾಗಿ ಆಡಿಸುತ್ತ ನಿಂತಳು.

"ಮೇಡಮ್ಮೋರು ಮೂರು ದಿನ ಮಲ್ಗಿದ್ರಲ್ಲ. ಜ್ವರ ಇಳ್ದಾಗೆಲ್ಲ ಸಿಲೇಟು ತರ್ಸಿ ನಂಗೆ 'ಮ' ಬರ್ಯೋದ ಯೋಳ್ಕೊಡೋರು. ನಿನ್ನ ಹೆಸ್ರು ನೀನೇ ಬರ್ಕಬೇಕು ಮಲ್ಲಿಗಮ್ಮ ಅನ್ನೋರು." ತಲೆಯೆತ್ತಿ ನೇರವಾಗಿ ನೋಡಿದಳು. "ಅಂಗಾದ್ರೆ ಅವರ್ನ ಕೊಂದೋಳು ನಾನಾ?"

"ಅಲ್ಲ. ಮೂಲೆಯನ್ನ ದುಂಡು ಮಾಡಿ ಅಂತ ಹೇಳಿದವರು ಯಾರೋ ಅವರು. ಅದನ್ನ ನೀನು ಕೇಳಿದ್ದೀಯಾ?"

"ಇವರೇ," ಎಂದಳು ಅವಳು, ಅಪ್ಪಾಜಿಯ ಕಡೆ ಬೆರಳು ಕೂಡ ತೋರದೆ. "ಜ್ವರದೋರು ತುಂಬ್ಕಂಡವ್ರೆ, ಕುಡ್ಯೋ ಬಾಟ್ಲಿ ಸಾಲ್ದು, ಹಿತ್ತಾಳೆ ಎಲ್ಲಾ ಯುದ್ದುಕ್ಕೆ ಓಯ್ತದೆ, ಮೂಲೆ ಕತ್ತರಿಸ್ಕಂಡು ಬಾ ಅಂದ್ರು. ಕಾಂಪೌಂಡ್ರು ಆಗಕಿಲ್ಲ ಸಾರ್, ಹೊಸ ಹೆಸ್ರೇ ಇಡಬೇಕು ಅಂದ್ರು. 'ಹೇಳಿದ್ದ ಮಾಡು, ಇಲ್ದಿದ್ರೆ ಕೆಲಸ ಬುಟ್ಟು ನಡಿ' ಅಂತ ಇವರು ಕಿರುಚಿದ್ರು. ನಾನು ಬಾಗ್ಲಲ್ಲೇ ನೆಲ ಒರೆಸ್ತಿದ್ದೆ. ಯಾವ್ಯಾವ ಬಾಟ್ಲಿ ಅಂತ ಯೋಳ್ನಿಲ್ಲ, ನಂಗೆ ತಿಳೀನಿಲ್ಲ."

"ಮಲ್ಲಿಗಮ್ಮ!" ಎಂದ ಅಪ್ಪಾಜಿ. ಕೂಗಲಿಲ್ಲ. ಬಲು ಮೃದುವಾಗಿ ಎಂದ. ಆಮೇಲೆ ಪುಟ್ಟಮಾದಯ್ಯನ ಕಡೆ ತಿರುಗಿದ. "ನೆಲ ಒರೆಸುವವಳ ಮಾತು. ತಾನು ವಿಷ ತುಂಬಿದ್ದು ಗೊತ್ತಾದ ಮೇಲೆ ಯಾರ ಮೇಲಾದರೂ ಹಾಕುತ್ತಾಳೆ. ಕೋರ್ಟು ನಂಬುತ್ತದೆ ಅಂತೀರಾ?"

"ಅವಳೊಬ್ಬಳೇ ಸಾಕ್ಷಿ. ನಂಬುವ ಹಾಗೆ ಹೇಳಿಸುತ್ತೇನೆ."

"ಒಬ್ಬಳೇ," ಎಂದ ಅಪ್ಪಾಜಿ. "ಹೌದು."

ಪುಟ್ಟಮಾದಯ್ಯನಿಗೆ ಆ ಮಾತಿನ ಮೇಲೆ ನಿಲ್ಲಲು ಹೊತ್ತಿರಲಿಲ್ಲ. "ಉಳಿದ ನಾಲ್ಕು ಸೀಸೆ ಎಲ್ಲಿ? ಕಪಾಟಿನಲ್ಲಿಲ್ಲ."

ಅಪ್ಪಾಜಿಯ ಮುಖ ಮೊದಲ ಸಲ ಬಿಳಿಚಿತು. ಉತ್ತರ ಕೊಟ್ಟದ್ದು ಮಲ್ಲಿಗಮ್ಮ.

"ಪೆಟ್ಗೆಗೆ ತುಂಬಿ ಕಳ್ಸಿದ್ರು ಬುದ್ದಿ. ನೆನ್ನೆ ಮೊಹರು ತೆಗುದ್ ತಕ್ಸಣ. ವೈದ್ಯನಾಥಪುರದ ಛತ್ರದಲ್ಲಿ ಚಳಿಜ್ವರದೋರಿಗೆ ಸಿಬಿರ ಮಾಡ್ತಾರಂತಲ್ಲ, ಅಲ್ಗೆ. ದುಂಡು ಬಿಲ್ಲೆ ಐತೆ, ಕುಡ್ಯೋ ಔಸ್ದಿ ಅಂತ ಗಾಡಿಯೋನ್ಗೆ ಯೋಳಿ ಕಳ್ಸಿದ್ರು."

ವೈದ್ಯನಾಥಪುರ. ಬೆಳಿಗ್ಗೆ ಅವನು ಕೂತಿದ್ದ ಪೀರ್ ಪಾಷಾನ ಅಂಗಡಿಯಿಂದ ನಡೆದರೆ ಅರ್ಧ ಗಂಟೆಯ ದಾರಿ.

"ಶಿಬಿರ ಯಾವತ್ತು ಶುರು?"

"ನಾಳೆ ಬೆಳಿಗ್ಗೆ," ಎಂದ ಅಪ್ಪಾಜಿ.

* * *

ಮೊದಲು ಪೊಲೀಸ್ ಸ್ಟೇಷನ್ನಿಗೆ ಹೋಗಿ ಮದ್ದೂರಿಗೆ ಸುದ್ದಿ ಮುಟ್ಟಿಸಬೇಕು, ಮಲ್ಲಿಗಮ್ಮನ ಹೇಳಿಕೆಗೆ ಒಬ್ಬ ಅಧಿಕಾರಿಯನ್ನು ಕರೆತರಬೇಕು ಎಂದು ಪುಟ್ಟಮಾದಯ್ಯ ಲೆಕ್ಕ ಹಾಕಿದ. "ಎಲ್ಲೂ ಹೋಗಬೇಡವ್ವ, ಈಗ ಬಂದೆ," ಎಂದು ಅವಳಿಗೆ ಎರಡು ಸಲ ಹೇಳಿದ. ಅವಳು ತಲೆಯಾಡಿಸಿದಳು.

ಸ್ಟೇಷನ್ನಿನಲ್ಲಿ ಸಬ್ ಇನ್ಸ್‌ಪೆಕ್ಟರು ಇರಲಿಲ್ಲ. ಅಕ್ಕಿ ಕಳ್ಳಸಾಗಣೆಯ ಗಾಡಿ ಹಿಡಿಯಲು ಹೋಗಿದ್ದರಂತೆ. ಇದ್ದ ದಫೇದಾರ್ ಚೌಡಯ್ಯ ಪೂರ್ತಿ ಕೇಳಿಸಿಕೊಂಡ.

"ಅಲ್ಲಾ ಸಾರ್, ನಿಮ್ಮ ಕೈಕೆಳಗೆ ಕೆಲಸ ಮಾಡ್ದೋನು ನಾನು, ತಪ್ಪು ತಿಳೀಬೇಡಿ. ಕೇಸು ಮುಗ್ದದೆ. ಆರೋಪಿ ಒಪ್ಕಂಡವ್ನೆ. ಈಗ ಬಾಟ್ಲಿ ಗುರ್ತು ತಪ್ಪಿತ್ತು ಅಂದ್ರೆ ಯಾರ್ ಕೇಳ್ತಾರೆ?"

"ಕೇಸು ಬಿಡಯ್ಯ. ನಾಳೆ ಬೆಳಿಗ್ಗೆ ಅಲ್ಲಿ ಹತ್ತಾರು ಜನ ವಿಷ ಕುಡೀತಾರೆ ಕಣಯ್ಯ! ಮದ್ದೂರಿಗೆ ತಂತಿ ಕೊಡು."

"ಸಾಯೇಬ್ರ ರುಜು ಇಲ್ದೆ ತಂತಿ ಎಂಗ್ ಕೊಡ್ಲಿ ಸಾರ್?"

ಪುಟ್ಟಮಾದಯ್ಯ ತಾನೇ ಟಪಾಲು ಕಛೇರಿಗೆ ಓಡಿದ. ಶನಿವಾರ, ಬಾಗಿಲು ಹಾಕಿತ್ತು. ಮಾಸ್ತರ ಮನೆ ಹುಡುಕಿ, ಊಟ ಮಾಡಿ ಮಲಗಿದ್ದವರನ್ನು ಎಬ್ಬಿಸಿ ತಂತಿ ಬರೆಸುವಾಗ ಒಂದೂವರೆ ಗಂಟೆ ಕಳೆದಿತ್ತು. ಮುಟ್ಟುವುದು ನಾಳೆಯೇ ಆಗಬಹುದು ಎಂದು ಅವರು ಮೊದಲೇ ಹೇಳಿಬಿಟ್ಟರು.

ಆಸ್ಪತ್ರೆಗೆ ವಾಪಸು ಬಂದಾಗ ಔಷಧಿಕೋಣೆಗೆ ಬೀಗ. ವಾರ್ಡಿನಲ್ಲಿ ಮಲಗಿದ್ದ ಮಾಯಮ್ಮ ಎಂಬ ರೋಗಿ ತಲೆ ಎತ್ತಿ ನೋಡಿದಳು.

"ಆಯಮ್ಮನ್ನಾ? ಅವ್ಳು ಆಗ್ಲೇ ಓದ್ಲು ಕಣಪ್ಪ. ಮೇನೇಜ್ರೂ ಓದ್ರು."

"ಒಟ್ಟಿಗಾ?"

"ನಂಗೆಂಗ್ ಗೊತ್ತಾದದು, ಮಲ್ಗಿರೋಳ್ಗೆ."

ಮದ್ದೂರಿನ ಬಸ್ಸು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಸಾಯಂಕಾಲದ ಬಸ್ಸು ಇದ್ದಲಿಲ್ಲದೆ ನಿಂತಿತ್ತು. ಮದ್ದೂರಿಗೆ ಬೆಲ್ಲ ಹೊತ್ತು ಹೊರಟ ಒಂದು ಲಾರಿಯ ಮೂಟೆಗಳ ಮೇಲೆ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಪುಟ್ಟಮಾದಯ್ಯ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದ. ಅವಳಿಗೆ ಯಾಕೆ ಹೇಳಿದೆ? ಬೆಳಕವಾಡಿಯ ಹೆಸರನ್ನು ಯಾಕೆ ಎತ್ತಿದೆ? ನಿಜ ಬಯಲು ಮಾಡಿದರೆ ಒಬ್ಬರಾದರೂ ಉಳಿಯುತ್ತಾರೆ ಎಂಬ ನಂಬಿಕೆಯಲ್ಲಿ ಸರ್ವಿಸು ಮುಗಿಸಿದವನು ಅವನು. ಈ ನಿಜದಲ್ಲಿ ಉಳಿಯುವವರು ಯಾರೂ ಕಾಣಲಿಲ್ಲ. ಮಲ್ಲಿಗಮ್ಮ ಹೇಳಿಕೆ ಕೊಟ್ಟರೆ ಅವಳೇ ಅಪರಾಧಿ. ಕೊಡದಿದ್ದರೆ ಅಸದುಲ್ಲಾ ನೇಣಿಗೆ. ಅಪ್ಪಣೆ ಕೊಟ್ಟವನು ಎರಡರಲ್ಲೂ ಕೋಟು ಒದರಿಕೊಂಡು ಎದ್ದು ಹೋಗುತ್ತಾನೆ.

* * *

ವೈದ್ಯನಾಥಪುರದಲ್ಲಿ ಲಾರಿ ಇಳಿದು, ದೇವಸ್ಥಾನದ ಪಕ್ಕದ ಛತ್ರದ ಮೆಟ್ಟಿಲು ಹತ್ತುವಾಗ ಹೊತ್ತು ಇಳಿಯುತ್ತಿತ್ತು. ನಾಳೆಗಾಗಿ ಜಗಲಿಯ ಮೇಲೆ ಚಾಪೆಗಳನ್ನು ಹಾಸಿದ್ದರು. ಕೆಲವರು ಆಗಲೇ ಬಂದು ಕಂಬಳಿ ಹೊದ್ದು ನಡುಗುತ್ತ ಮಲಗಿದ್ದರು. ಕಾವಲಿದ್ದ ದೊಡ್ಡಬೀರಯ್ಯ ಎದ್ದು ನಿಂತ.

"ಔಷಧಿ ಪೆಟ್ಟಿಗೆ ಎಲ್ಲಿ? ಯಾರಿಗಾದರೂ ಕುಡಿಸಿದಿರಾ?"

"ಇಲ್ಲ ಬುದ್ದಿ, ನಾಳಿಕಲ್ವಾ? ಅಲ್ಲದೆ ಈಗ ಮೇನೇಜ್ರೇ ಬಂದಿದ್ರು, ಮುಟ್ಬೇಡಿ ಅಂದ್ರು."

ಪುಟ್ಟಮಾದಯ್ಯನಿಗೆ ಉಸಿರು ಬಂದಂತಾಯಿತು. "ಅಪ್ಪಾಜಿಯವರು ಬಂದಿದ್ದರಾ?"

"ಊ ಕಣ್ ಬುದ್ದಿ. ಆಸ್ಪತ್ರೆ ಆಯಮ್ಮನೂ ಜತೇಲಿದ್ಲು. ಪೆಟ್ಗೆ ಬೀಗ ತೆಗ್ಸುದ್ರು. 'ಔಸ್ದಿ ಬದಲಾಗದೆ, ಬೇರೆ ಕಳಿಸ್ತೀವಿ' ಅಂದ್ರು. ಒಳ್ಳೇದಾಯ್ತು ಬುಡಿ ಅಂದೆ."

ಪೆಟ್ಟಿಗೆ ಮೂಲೆಯಲ್ಲಿತ್ತು. ಪುಟ್ಟಮಾದಯ್ಯ ಮುಚ್ಚಳ ಎತ್ತಿದ. ಹುಲ್ಲಿನ ಗೂಡುಗಳಲ್ಲಿ ಹಸಿರು ಸೀಸೆ, ಹಲಗೂರು. ಅದರ ಪಕ್ಕ ಗುತ್ತಲು. ಆಮೇಲೆ ತಳಗವಾದಿ. ಮೂರರ ಕೊರಳಲ್ಲೂ ಅಂಚಿಗೆ ಬಂದ ತೂತಿನ ಪುಟ್ಟ ದುಂಡು ಬಿಲ್ಲೆ. ಮೂರರಲ್ಲೂ ಗಾಯ ತೊಳೆಯುವ ನೀರು.

ನಾಲ್ಕನೆಯ ಗೂಡು ಖಾಲಿ.

ವತ್ಸನಾಭಿ ಇದ್ದದ್ದು ಎರಡೇ ಸೀಸೆಯಲ್ಲಿ. ಒಂದು ಪೊಲೀಸರ ಬೀರುವಿನಲ್ಲಿತ್ತು. ಇನ್ನೊಂದು ಕಿರುಗಾವಲು.

"ದೊಡ್ಡಬೀರಯ್ಯ, ಇಲ್ಲಿಂದ ಒಂದು ಸೀಸೆ ಹೋಗಿದೆ. ಯಾರು ತೆಗೆದರು?"

"ಒಂದಾ? ಮೂರು ಬುಟ್ಟು ಒಂದ್ನೇ ಯಾಕೆ ತಗೋತಾರೆ ಬುದ್ದಿ?" ಅವನು ಬಂದು ಬಗ್ಗಿ ನೋಡಿದ. "ಅವರಿಬ್ರೇ ಒಳ್ಗಿದ್ದದ್ದು. ನಾನು ನೀರು ತರಾಕೋದೆ. ಬರೋವಷ್ಟರಲ್ಲಿ ಇಬ್ರೂ ಒಳೆ ಕಡೆ ಇಳೀತಿದ್ರು. ಆಯಮ್ಮ ಮುಂದೆ, ಇವರು ಹಿಂದೆ."

"ಸೀಸೆ ಯಾರ ಕೈಯಲ್ಲಿತ್ತು?"

ದೊಡ್ಡಬೀರಯ್ಯ ಹಣೆ ಉಜ್ಜಿಕೊಂಡ. "ಆಯಮ್ಮ ಸೆರಗ ಒದ್ಕಂಡು ಕೈ ಒಳ್ಗೆ ಇಟ್ಕಂಡಿದ್ಲು. ಅವರೂ ಕೋಟಿನ ಜೇಬಲ್ಲಿ ಕೈ ಇಟ್ಕಂಡಿದ್ರು. ನಾ ನೋಡ್ಲಿಲ್ಲ ಬುದ್ದಿ."

ಅವಳು ತಾನೇ ಕುಡಿಯಲೆಂದು ತೆಗೆದಳೋ? ಅಪ್ಪಣೆ ಕೊಟ್ಟವನಿಗೆ ಕುಡಿಸಲೆಂದೋ? ಅಥವಾ ಒಬ್ಬಳೇ ಸಾಕ್ಷಿ ಎಂದು ಮಧ್ಯಾಹ್ನ ಪುಟ್ಟಮಾದಯ್ಯನ ಬಾಯಿಂದಲೇ ಕೇಳಿಸಿಕೊಂಡವನು ಅವಳಿಗಾಗಿ ತೆಗೆದನೋ? ಪುಟ್ಟಮಾದಯ್ಯ ಛತ್ರಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದ. ಕಲ್ಲೆಡವಿ ಬಿದ್ದ. ಎದ್ದು ಮತ್ತೆ ಓಡಿದ.

ಶಿಂಷಾ ಹೊಳೆಯಲ್ಲಿ ನೀರು ಕಡಿಮೆಯಿತ್ತು. ನಡುವೆ ಬಂಡೆಗಳೆಲ್ಲ ಎದ್ದಿದ್ದವು. ಮುಳುಗುವ ಸೂರ್ಯ ಸರಿಯಾಗಿ ಕಣ್ಣಿಗೇ ಹೊಡೆಯುತ್ತಿದ್ದ. ಕೈ ಅಡ್ಡ ಹಿಡಿದು ನೋಡಿದ.

ಇಳಿದು ಹೋದವರು ಇಬ್ಬರು. ದೂರದ ಬಂಡೆಯ ಮೇಲೆ, ಈ ಕಡೆಗೆ ಬೆನ್ನು ಹಾಕಿ, ಒಂದೇ ಒಂದು ಆಕೃತಿ ಕೂತಿತ್ತು. ಗಂಡೋ ಹೆಣ್ಣೋ ಆ ಬೆಳಕಿನಲ್ಲಿ ತಿಳಿಯಲಿಲ್ಲ.

"ಮಲ್ಲಿಗಮ್ಮಾ!" ಎಂದು ಅವನು ಕೂಗಿದ.

ಆಕೃತಿ ತಿರುಗಲಿಲ್ಲ.